ಶುಗರ್ ಇದ್ದವರ ಹೃದಯಕ್ಕೆ ಆಂಟಿಆಕ್ಸಿಡೆಂಟ್ ಡಬ್ಬಿ ಬೇಕಾ?

ಪ್ರಶ್ನೆ: ನಮ್ಮಪ್ಪನಿಗೆ 61 ವರ್ಷ. ಮೂಡಿಗೆರೆ ಕಡೆ ಕಾಫಿ ಎಸ್ಟೇಟ್ ಒಂದರಲ್ಲಿ ಲೆಕ್ಕ ಬರೆಯುವ ರೈಟರ್. ಶುಗರ್ ಬಂದು 14 ವರ್ಷವಾಯಿತು, ಬಿಪಿಯೂ ಇದೆ. ಈಚೆಗೆ ತೋಟದ ಏರು ಹತ್ತುವಾಗ ಏದುಸಿರು ಬರುತ್ತಿತ್ತು. ಹಾಸನಕ್ಕೆ ಕರೆದುಕೊಂಡು ಬಂದು ತೋರಿಸಿದೆವು. ಆಂಜಿಯೋಗ್ರಾಂನಲ್ಲಿ ಬ್ಲಾಕ್ ಇಲ್ಲ ಎಂದರು. ಎಕೋ ರಿಪೋರ್ಟಿನಲ್ಲಿ ‘ಗ್ರೇಡ್ 1 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್, ಇಎಫ್ 60%’ ಎಂದಿದೆ. ಪರಿಚಯದವರೊಬ್ಬರು ‘ಇದೆಲ್ಲ ಆಕ್ಸಿಡೇಟಿವ್ ಸ್ಟ್ರೆಸ್’ ಎಂದು ಹೇಳಿ ತಿಂಗಳಿಗೆ 2,400 ರೂಪಾಯಿಯ ಆಂಟಿಆಕ್ಸಿಡೆಂಟ್ ಡಬ್ಬಿ ಕೊಟ್ಟಿದ್ದಾರೆ. ಅದರಲ್ಲಿ ವಿಟಮಿನ್ ಇ, ವಿಟಮಿನ್ ಸಿ, ಕೋಕ್ಯೂ10, ಆಲ್ಫಾ ಲಿಪೋಯಿಕ್ ಆಸಿಡ್, ಬಯೋಟಿನ್ ಇವೆ. ಕೊಲೆಸ್ಟ್ರಾಲ್ ಮಾತ್ರೆ ಹೃದಯದ ಶಕ್ತಿಯನ್ನೇ ಹೀರುತ್ತದೆ ಎಂದು ಅವರು ಹೇಳಿದ ಮೇಲೆ ಅಪ್ಪ ಅದನ್ನು ಬಿಟ್ಟಿದ್ದಾರೆ. ಡಬ್ಬಿ ಮುಂದುವರಿಸಬಹುದಾ?

ಉತ್ತರ: ನೀವು ಕೊನೆಗೆ ಬರೆದ ವಿಷಯವೇ ಅವಸರದ್ದು. ಹಾಗಾಗಿ ಅದನ್ನು ಮೊದಲು ಹೇಳಿಬಿಡುತ್ತೇನೆ. ಕೊಲೆಸ್ಟ್ರಾಲ್ ಮಾತ್ರೆಯನ್ನು ಬಿಟ್ಟಿದ್ದು ತಪ್ಪಾಯಿತು. ಬರೆದುಕೊಟ್ಟ ವೈದ್ಯರಿಗೆ ಇವತ್ತೇ ಫೋನ್ ಮಾಡಿ, ಅವರು ಬೇಡ ಎನ್ನಲು ಬೇರೆ ಕಾರಣ ಇಲ್ಲದಿದ್ದರೆ ಮತ್ತೆ ಶುರು ಮಾಡಿಸಿ. ಡಬ್ಬಿಯನ್ನು ನಿಲ್ಲಿಸಬಹುದು. ನಿಲ್ಲಿಸಿದರೆ ಹೃದಯಕ್ಕೆ ಏನೂ ನಷ್ಟವಿಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಡಬ್ಬಿ ಕೊಟ್ಟವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಪೂರ್ತಿ ಸುಳ್ಳನ್ನು ಯಾರೂ 2,400 ಕೊಟ್ಟು ಕೊಳ್ಳುವುದಿಲ್ಲ. ಆ ಅರ್ಧ ನಿಜ ಏನು ಅಂತ ಗೊತ್ತಾದರೆ ಉಳಿದರ್ಧ ಎಲ್ಲಿ ಜಾರಿತು ಅನ್ನುವುದೂ ತಿಳಿಯುತ್ತದೆ.

ಬ್ಲಾಕ್ ಇಲ್ಲದೆಯೂ ಶುಗರ್ ಹೃದಯವನ್ನು ಕೆಡಿಸಬಲ್ಲದು. 1972ರಲ್ಲಿ ಅಮೆರಿಕದ ರೂಬ್ಲರ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ನಾಲ್ಕು ಜನರ ಶವಪರೀಕ್ಷೆಯ ವಿವರ ಪ್ರಕಟಿಸಿದರು. ನಾಲ್ವರಿಗೂ ಶುಗರ್ ಇತ್ತು, ನಾಲ್ವರಿಗೂ ಹಾರ್ಟ್ ಫೇಲ್ಯೂರ್ ಆಗಿತ್ತು, ಅಂದರೆ ಹೃದಯ ಸೋತು ಮೈಗೆ ಬೇಕಾದಷ್ಟು ರಕ್ತ ಪಂಪ್ ಮಾಡಲಾಗುತ್ತಿರಲಿಲ್ಲ. ಆದರೆ ಹೃದಯದ ರಕ್ತನಾಳಗಳಲ್ಲಿ ಹೇಳಿಕೊಳ್ಳುವಂಥ ಅಡಚಣೆಯೇ ಇರಲಿಲ್ಲ. ಎರಡು ವರ್ಷದ ನಂತರ, ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ ಜನರ ಹೃದಯವನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಿಂದ ಲೆಕ್ಕವೂ ಬಂತು. ಶುಗರ್ ಇರುವ ಗಂಡಸರಿಗೆ ಹಾರ್ಟ್ ಫೇಲ್ಯೂರ್ ಆಗುವ ಸಂಭವ ಉಳಿದವರಿಗಿಂತ ಎರಡು ಪಟ್ಟು, ಹೆಂಗಸರಿಗೆ ಐದು ಪಟ್ಟು. ಈ ಬಗೆಯ ಹೃದಯದ ತೊಂದರೆಗೆ ‘ಡಯಾಬೆಟಿಕ್ ಕಾರ್ಡಿಯೋಮಯೋಪತಿ’ ಎನ್ನುತ್ತೇವೆ. ನಿಮ್ಮ ತಂದೆಗೆ ಅದೇ ಆಗಿದೆ ಎಂದು ಈ ಎಕೋ ನೋಡಿ ಹೇಳಲು ಬರುವುದಿಲ್ಲ. ಅರವತ್ತು ದಾಟಿದವರಲ್ಲಿ, ಅದರಲ್ಲೂ ಬಿಪಿ ಇದ್ದವರಲ್ಲಿ, ಗ್ರೇಡ್ 1 ತುಂಬಾ ಸಾಮಾನ್ಯ. ಹೃದಯ ಹಿಂಡುವುದು ಸರಿಯಿದೆ, ಸಡಿಲವಾಗಿ ರಕ್ತ ತುಂಬಿಕೊಳ್ಳುವುದು ಸ್ವಲ್ಪ ನಿಧಾನ, ಅಷ್ಟೇ ಅದರ ಅರ್ಥ. ಇಎಫ್ ಅಂದರೆ ಒಂದೊಂದು ಬಡಿತಕ್ಕೂ ಹೃದಯ ತನ್ನಲ್ಲಿರುವ ರಕ್ತದಲ್ಲಿ ಎಷ್ಟು ಪಾಲು ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ; 60% ಸರಿಯಾಗಿಯೇ ಇದೆ.

ಹೃದಯ ಬಿರುಸಾಗುವುದು ಹೇಗೆ ಅನ್ನುವುದಕ್ಕೆ ನಿಮಗೆ ಗೊತ್ತಿರುವ ಬಚ್ಚಲ ಒಲೆಯನ್ನೇ ನೆನೆಸಿಕೊಳ್ಳಿ. ಮರಗಸಿ ಮಾಡಿದ ಸೌದೆಯನ್ನು ಹದವಾಗಿ ಒಡ್ಡಿದರೆ ಉರಿ ಚೆನ್ನಾಗಿ ಏಳುತ್ತದೆ, ಹಂಡೆ ಕಾಯುತ್ತದೆ. ಒಲೆಯ ಬಾಯಿ ಮುಚ್ಚುವ ಹಾಗೆ ತುರುಕಿದರೆ? ಉರಿಗಿಂತ ಹೊಗೆಯೇ ಜಾಸ್ತಿ. ಹೃದಯದ ಒಂದೊಂದು ಜೀವಕೋಶದಲ್ಲೂ ಇಂಥ ಪುಟ್ಟ ಒಲೆಗಳಿವೆ. ಅವಕ್ಕೆ ಮೈಟೋಕಾಂಡ್ರಿಯಾ ಎನ್ನುತ್ತಾರೆ. ಶುಗರ್ ಇದ್ದವರ ರಕ್ತದಲ್ಲಿ ಸಕ್ಕರೆಯೂ ಜಾಸ್ತಿ, ಕೊಬ್ಬಿನ ಅಂಶವೂ ಜಾಸ್ತಿ. ಎರಡೂ ಒಟ್ಟಿಗೆ ಒಲೆಗೆ ನುಗ್ಗುತ್ತವೆ. ಆಗ ಬರುವ ಹೊಗೆಗೆ ಸೂಪರ್‌ಆಕ್ಸೈಡ್ ಅಂತ ಹೆಸರು. ಇಂಥ ಹೊಗೆ ಮೈ ತಡೆಯುವುದಕ್ಕಿಂತ ಜಾಸ್ತಿಯಾದರೆ ಅದೇ ‘ಆಕ್ಸಿಡೇಟಿವ್ ಸ್ಟ್ರೆಸ್’, ಹೊಗೆ ಹೀರುವ ವಸ್ತುವೇ ಆಂಟಿಆಕ್ಸಿಡೆಂಟ್. ಅದು ಪ್ರೋಟೀನನ್ನು, ಕೊಬ್ಬನ್ನು, ಡಿಎನ್‌ಎಯನ್ನು ಕೆಡಿಸುತ್ತದೆ. ಇನ್ನೊಂದು ಕಡೆ ಜಾಸ್ತಿ ಸಕ್ಕರೆ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಗಟ್ಟಿ ಮಾಡುತ್ತದೆ. ಸ್ನಾಯುವಿನ ಎಳೆಗಳ ನಡುವೆ ನಾರು ಬೆಳೆಯುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಹೃದಯ ಹಳೇ ರಬ್ಬರಿನ ಹಾಗೆ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಶುಗರ್‌ನಿಂದ ಕಣ್ಣು, ಕಿಡ್ನಿ, ನರಗಳಿಗೆ ಆಗುವ ತೊಂದರೆಗಳ ಮೂಲದಲ್ಲಿ ಈ ಸೂಪರ್‌ಆಕ್ಸೈಡ್ ಇದೆ ಎಂಬ ವಾದವನ್ನು ಅಮೆರಿಕದ ಮೈಕಲ್ ಬ್ರೌನ್‌ಲೀ 2001ರಲ್ಲಿ ಮುಂದಿಟ್ಟರು. ಅದನ್ನು ವಿಜ್ಞಾನಿಗಳು ಇವತ್ತಿಗೂ ಗೌರವದಿಂದ ನೋಡುತ್ತಾರೆ.

ಹೊಗೆ ಇರುವುದು ನಿಜ ತಾನೇ, ಹಾಗಾದರೆ ಹೊಗೆ ಹೀರುವ ಮಾತ್ರೆ ನುಂಗಿದರೆ ಮುಗಿಯಿತಲ್ಲ? ಎಲ್ಲರಿಗೂ ಹಾಗೇ ಅನ್ನಿಸಿತು. ನಾನು ಓದುತ್ತಿದ್ದಾಗ ನಮಗೂ ಹಾಗೇ ಅನ್ನಿಸಿತ್ತು. ಇಲಿಗಳಲ್ಲಿ ಫಲಿತಾಂಶ ಸೊಗಸಾಗಿಯೇ ಬಂತು. ಸ್ಟ್ರೆಪ್ಟೋಜೋಟೋಸಿನ್ ಎಂಬ ರಾಸಾಯನಿಕ ಚುಚ್ಚಿ ಇಲಿಗೆ ಶುಗರ್ ಬರಿಸುತ್ತಾರೆ. ವಿಟಮಿನ್ ಇ, ಆಲ್ಫಾ ಲಿಪೋಯಿಕ್ ಆಸಿಡ್ ಮುಂತಾದವನ್ನು ಕೊಟ್ಟು ನೋಡುತ್ತಾರೆ. ಎಷ್ಟೋ ಪ್ರಯೋಗಗಳಲ್ಲಿ ಇಲಿಯ ಹೃದಯ ಉಳಿದಿದೆ. ಡಬ್ಬಿ ಮಾರುವವರ ಬಣ್ಣದ ಕಾಗದದಲ್ಲಿ ಇರುವುದು ಹೆಚ್ಚಾಗಿ ಇದೇ. ಆದರೆ ಆ ಇಲಿಗೆ ಶುಗರ್ ಬಂದು ಕೆಲವೇ ವಾರ ಆಗಿರುತ್ತದೆ. ಎಷ್ಟೋ ಸಲ ಮೊದಲ ದಿನದಿಂದಲೇ, ಮೈತೂಕಕ್ಕೆ ಹೋಲಿಸಿದರೆ ಭಾರೀ ಪ್ರಮಾಣದಲ್ಲಿ ಔಷಧ ಕೊಟ್ಟಿರುತ್ತಾರೆ. ನಿಮ್ಮ ತಂದೆಯದು ಹದಿನಾಲ್ಕು ವರ್ಷದ ಶುಗರ್.

ಮನುಷ್ಯರಲ್ಲಿ ಏನಾಯಿತು ನೋಡಿ. 2000ದಲ್ಲಿ ಹೋಪ್ ಎಂಬ ದೊಡ್ಡ ಪ್ರಯೋಗದ ಫಲಿತಾಂಶ ಬಂತು. 55 ದಾಟಿದ 9,541 ಜನ, ಅವರಲ್ಲಿ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಶುಗರ್ ಇದ್ದವರು. ಅರ್ಧ ಜನಕ್ಕೆ ದಿನಾ 400 ಯೂನಿಟ್ ವಿಟಮಿನ್ ಇ, ಉಳಿದವರಿಗೆ ಔಷಧವಿಲ್ಲದ ಖಾಲಿ ಗುಳಿಗೆ. ನಾಲ್ಕೂವರೆ ವರ್ಷದ ನಂತರ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು, ಸಾವು ಯಾವುದರಲ್ಲೂ ವ್ಯತ್ಯಾಸ ಇರಲಿಲ್ಲ. ಬಹುಶಃ ಇನ್ನಷ್ಟು ಕಾಲ ಬೇಕು ಅಂದುಕೊಂಡು ಸುಮಾರು ಏಳು ವರ್ಷದವರೆಗೆ ನೋಡಿದರು. ಆಗ ಬಂದ ಉತ್ತರ ಇನ್ನೂ ಕೆಟ್ಟದಾಗಿತ್ತು. ವಿಟಮಿನ್ ಇ ತಿಂದವರಲ್ಲಿ ಹಾರ್ಟ್ ಫೇಲ್ಯೂರ್ 13% ಜಾಸ್ತಿ! ಯಾವುದನ್ನು ತಡೆಯಲಿ ಎಂದು ಡಬ್ಬಿ ತಂದಿರೋ ಅದೇ ಜಾಸ್ತಿ. ತಮಾಷೆ ಏನೆಂದರೆ ಅದೇ ಪ್ರಯೋಗದಲ್ಲಿ ರಾಮಿಪ್ರಿಲ್ ಎಂಬ ಸಾಧಾರಣ ಬಿಪಿ ಮಾತ್ರೆಯನ್ನೂ ಪರೀಕ್ಷಿಸಿದ್ದರು. ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು, ಹೃದಯದ ಕಾಯಿಲೆಯ ಸಾವು ಮೂರನ್ನೂ ಸೇರಿಸಿ ಅದು 22% ಇಳಿಸಿತು. ಆ ಮಾತ್ರೆಗೆ ಯಾರೂ ಮನೆ ಬಾಗಿಲಿಗೆ ಬಂದು ಪ್ರಚಾರ ಮಾಡುವುದಿಲ್ಲ ಬಿಡಿ.

2002ರಲ್ಲಿ ಬ್ರಿಟನ್ನಿನಿಂದ ಫಲಿತಾಂಶ ಬಂದ ಪ್ರಯೋಗ ಇನ್ನೂ ದೊಡ್ಡದು. 20,536 ಜನ, ಅವರಲ್ಲಿ ಆರು ಸಾವಿರದ ಹತ್ತಿರ ಹತ್ತಿರ ಶುಗರ್ ಇದ್ದವರು. ವಿಟಮಿನ್ ಇ, ಸಿ, ಬೀಟಾ ಕ್ಯಾರೋಟಿನ್ ಮೂರನ್ನೂ ಐದು ವರ್ಷ ಕೊಟ್ಟರು. ಮಾತ್ರೆ ಮೈಗೆ ಹಿಡಿಯಲಿಲ್ಲ ಅನ್ನುವ ಹಾಗಿಲ್ಲ. ರಕ್ತದಲ್ಲಿ ವಿಟಮಿನ್ ಇ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು. ಆದರೂ ಹೃದಯಕ್ಕೆ ಏನೇನೂ ಲಾಭವಿಲ್ಲ. ಬೀಟಾ ಕ್ಯಾರೋಟಿನ್ ಕಥೆ ಇನ್ನೂ ಬೇಸರದ್ದು. ಫಿನ್ಲೆಂಡಿನಲ್ಲಿ 29,133 ಬೀಡಿ-ಸಿಗರೇಟಿನ ಗಂಡಸರಿಗೆ ಶ್ವಾಸಕೋಶದ ಕ್ಯಾನ್ಸರ್ ತಡೆಯಲೆಂದು ಕೊಟ್ಟು ನೋಡಿದರು. 1994ರಲ್ಲಿ ಲೆಕ್ಕ ಹಾಕಿದಾಗ ಕ್ಯಾನ್ಸರ್ 18% ಜಾಸ್ತಿಯಾಗಿತ್ತು. (ಬೀಡಿ-ಸಿಗರೇಟು ಅಂದೆ. ಅಲ್ಲಿ ಬೀಡಿ ಎಲ್ಲಿಂದ ಬರಬೇಕು, ಬರೀ ಸಿಗರೇಟು. ನಮ್ಮ ಕಡೆ ರೋಗಿಗಳನ್ನು ಕೇಳಿ ಕೇಳಿ ಬಾಯಿಗೆ ಹಾಗೇ ಬರುತ್ತದೆ.) ಹೃದಯಕ್ಕೆಂದು, ಕ್ಯಾನ್ಸರಿಗೆಂದು ವಿಟಮಿನ್ ಇ ಮತ್ತು ಬೀಟಾ ಕ್ಯಾರೋಟಿನ್ ತಿನ್ನಬೇಡಿ ಎಂದು ಅಮೆರಿಕದ ರೋಗತಡೆ ಕಾರ್ಯಪಡೆ 2022ರಲ್ಲಿ ಸ್ಪಷ್ಟವಾಗಿಯೇ ಹೇಳಿತು.

ಯಾಕೆ ಹೀಗಾಯಿತು? ಹೊಗೆ ಏಳುವುದು ಒಲೆಯ ಒಳಗೆ, ಪ್ರತಿ ಕ್ಷಣವೂ. ವಿಟಮಿನ್ ಇ ಹೋಗಿ ಕೂರುವುದು ಮುಖ್ಯವಾಗಿ ಜೀವಕೋಶದ ಕೊಬ್ಬಿನ ಪೊರೆಗಳಲ್ಲಿ. ಅದರ ಒಂದು ಅಣು ಒಂದೆರಡು ಕಿಡಿ ಆರಿಸುವಷ್ಟರಲ್ಲಿ ತಾನೇ ಮುಗಿದುಹೋಗುತ್ತದೆ. ಮೈಯೊಳಗೆ ಹುಟ್ಟುವ ಎಸ್‌ಒಡಿ, ಕ್ಯಾಟಲೇಸ್ ಎಂಬ ಕಿಣ್ವಗಳು ಹಾಗಲ್ಲ. ಅವು ಖರ್ಚಾಗದೆ ಮತ್ತೆ ಮತ್ತೆ ಅದೇ ಕೆಲಸ ಮಾಡುತ್ತವೆ. ಡಬ್ಬಿಯಲ್ಲಿ ಬರುವುದು ಬೊಗಸೆ ನೀರು, ಮೈಯಲ್ಲಿ ಇರುವುದು ಹರಿಯುವ ಹಳ್ಳ.

ಇನ್ನೊಂದು ಕಾರಣ ನನಗೆ ತುಂಬಾ ಇಷ್ಟವಾದದ್ದು. ಹಳೇ ಮನೆಗಳಲ್ಲಿ ಅಡುಗೆಮನೆಯ ಅಟ್ಟದ ಮೇಲೆ ಬಿತ್ತನೆ ಬೀಜ ಇಡುತ್ತಿದ್ದರು, ನೆನಪಿದೆಯಾ? ಒಲೆಯ ಹೊಗೆ ತಾಗಿದರೆ ಹುಳ ಬೀಳುವುದಿಲ್ಲ ಅಂತ. ಸ್ವಲ್ಪ ಹೊಗೆ ಬೇಕಾಗಿತ್ತು. ಮೈಗೂ ಹಾಗೇ. 2009ರಲ್ಲಿ ಜರ್ಮನಿಯ ರಿಸ್ಟೋವ್ ಮತ್ತು ಸಂಗಡಿಗರು ಸುಮಾರು ನಲವತ್ತು ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಅರ್ಧ ಜನಕ್ಕೆ ದಿನಾ 1,000 ಮಿಲಿಗ್ರಾಂ ವಿಟಮಿನ್ ಸಿ, 400 ಯೂನಿಟ್ ವಿಟಮಿನ್ ಇ ಕೊಟ್ಟರು. ಮಾತ್ರೆ ತಿನ್ನದವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು. ತಿಂದವರಲ್ಲಿ ಆ ಲಾಭವೇ ಕಾಣಲಿಲ್ಲ. ವ್ಯಾಯಾಮ ಮಾಡುವಾಗ ಏಳುವ ಸಣ್ಣ ಹೊಗೆಯೇ ‘ಕಿಣ್ವ ಜಾಸ್ತಿ ಮಾಡು’ ಎಂದು ಮೈಗೆ ಹೇಳುವ ಸೂಚನೆ. ಮಾತ್ರೆ ಅದನ್ನೇ ಅಳಿಸಿಬಿಟ್ಟಿತು. ಚಿಕ್ಕ ಪ್ರಯೋಗ, ಆರೋಗ್ಯವಂತ ಹುಡುಗರು. ಇದೊಂದನ್ನೇ ಹಿಡಿದು ಎಲ್ಲವನ್ನೂ ತೀರ್ಮಾನಿಸಬಾರದು. ಆದರೂ ನಿಮ್ಮ ತಂದೆ ದಿನಾ ಮೈಲಿಗಟ್ಟಲೆ ತೋಟ ಸುತ್ತುವವರು. ಆ ನಡಿಗೆಯ ಫಲವನ್ನು ಡಬ್ಬಿಗೆ ಒಪ್ಪಿಸುವುದು ಯಾಕೆ?

ಈಗ ಡಬ್ಬಿಯೊಳಗೆ ಇರುವವನ್ನು ನೋಡೋಣ. ಕೋಕ್ಯೂ10 ಅಂದರೆ ಮೈಟೋಕಾಂಡ್ರಿಯಾದ ಒಲೆ ಉರಿದು ಶಕ್ತಿ ಬರಲು ಬೇಕಾದ, ಮೈ ತಾನೇ ಮಾಡಿಕೊಳ್ಳುವ ವಸ್ತು. ಅದರ ಬಗ್ಗೆ ನ್ಯಾಯವಾಗಿ ಮಾತಾಡಬೇಕು, ಉಳಿದವುಗಳ ಜತೆ ಸೇರಿಸಿ ತಳ್ಳಿಹಾಕಲು ಬರುವುದಿಲ್ಲ. 2014ರ ಕ್ಯೂ-ಸಿಂಬಿಯೋ ಪ್ರಯೋಗದಲ್ಲಿ ಹಾರ್ಟ್ ಫೇಲ್ಯೂರ್ ಆಗಿದ್ದ 420 ಜನರಲ್ಲಿ ಅರ್ಧ ಭಾಗಕ್ಕೆ ದಿನಾ 300 ಮಿಲಿಗ್ರಾಂ ಕೊಟ್ಟಿದ್ದರು. ಎರಡು ವರ್ಷದಲ್ಲಿ ಅವರಲ್ಲಿ 15% ಜನಕ್ಕೆ ದೊಡ್ಡ ತೊಂದರೆ ಆಯಿತು, ಖಾಲಿ ಗುಳಿಗೆಯವರಲ್ಲಿ 26%. ಆಸೆ ಹುಟ್ಟಿಸುವ ಅಂಕಿಯೇ. ಆದರೆ ಅವರೆಲ್ಲ ಆಗಲೇ ಹೃದಯ ಸೋತವರು, ಮಾಮೂಲು ಔಷಧಗಳನ್ನು ಬಿಡದೆ ಅದರ ಜತೆಗೆ ತೆಗೆದುಕೊಂಡವರು. ನಿಮ್ಮ ತಂದೆಯ ಇಎಫ್ 60%. ಅವರ ಸ್ಥಿತಿಗೆ ಆ ಪ್ರಯೋಗದ ಉತ್ತರ ಹೊಂದುವುದಿಲ್ಲ. ಹತ್ತಾರು ವಸ್ತು ಬೆರೆಸಿದ ಡಬ್ಬಿಗಳಲ್ಲಿ ಇದು 300 ಮಿಲಿಗ್ರಾಂ ಇರುವುದೂ ಅಪರೂಪ. ಲೇಬಲ್ ತಿರುಗಿಸಿ ನೋಡಿ.

ಕೊಲೆಸ್ಟ್ರಾಲ್ ಮಾತ್ರೆ ಶಕ್ತಿ ಹೀರುತ್ತದೆ ಅನ್ನುವ ಮಾತು ಹುಟ್ಟಿದ್ದೂ ಇಲ್ಲಿಂದಲೇ. ಸ್ಟ್ಯಾಟಿನ್ ಎಂಬ ಗುಂಪಿನ ಕೊಲೆಸ್ಟ್ರಾಲ್ ಮಾತ್ರೆಗಳು ರಕ್ತದಲ್ಲಿ ಕೋಕ್ಯೂ10 ಮಟ್ಟ ಇಳಿಸುವುದು ಹೌದು. ಹಾಗಂತ ಹೃದಯ ಸೊರಗುತ್ತದಾ? ಶುಗರ್ ಇದ್ದು ಹೃದಯದ ಕಾಯಿಲೆ ಇನ್ನೂ ಬರದ, ಅಂದರೆ ನಿಮ್ಮ ತಂದೆಯಂಥ 2,838 ಜನರ ಮೇಲೆ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಅಟೋರ್ವಾಸ್ಟಾಟಿನ್ ಎಂಬ ಸ್ಟ್ಯಾಟಿನ್ 10 ಮಿಲಿಗ್ರಾಂ ಪರೀಕ್ಷಿಸಿದರು. ಹಾರ್ಟ್ ಅಟ್ಯಾಕ್, ಪಾರ್ಶ್ವವಾಯುವಿನಂಥ ದೊಡ್ಡ ಹೊಡೆತಗಳು 37% ಕಡಿಮೆಯಾದವು. ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ಎರಡು ವರ್ಷ ಮೊದಲೇ ನಿಲ್ಲಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ ಈ ಮಾತ್ರೆಯಿಂದ ತೊಡೆ, ಮೀನಖಂಡ ನೋಯುತ್ತದೆ. ಹಾಗಿದ್ದರೆ ಪ್ರಮಾಣ ಇಳಿಸಬಹುದು, ಬೇರೆ ಸ್ಟ್ಯಾಟಿನ್ ಕೊಡಬಹುದು. ಸುಮ್ನೆ ಬಿಡುವುದು ಮಾತ್ರ ಬೇಡ.

ಆಲ್ಫಾ ಲಿಪೋಯಿಕ್ ಆಸಿಡ್ ಅನ್ನು ನಾವೂ ಬರೆಯುತ್ತೇವೆ, ಹೃದಯಕ್ಕಲ್ಲ. ಶುಗರ್‌ನಿಂದ ಪಾದ ಉರಿಯುವವರಲ್ಲಿ ಕೆಲವರಿಗೆ ಅದರಿಂದ ಸ್ವಲ್ಪ ಹಿತ ಸಿಗುತ್ತದೆ. ವಿಟಮಿನ್ ಸಿ ಜಾಸ್ತಿ ತಿಂದರೆ ಕೆಲವು ಗ್ಲೂಕೋಮೀಟರ್‌ಗಳು, ತೋಳಿಗೆ ಅಂಟಿಸುವ ಕೆಲವು ಸೆನ್ಸರ್‌ಗಳು ಇಲ್ಲದ ಸಕ್ಕರೆಯನ್ನೂ ಇದೆ ಅಂತ ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಜಾಸ್ತಿ ಚುಚ್ಚಿಕೊಂಡರೆ ಲೋ ಶುಗರ್ ಆಗಿ ಬೀಳಬಹುದು. ಕಿಡ್ನಿ ಕಲ್ಲಿನ ಚಾಳಿ ಇದ್ದವರಿಗೆ ಅದೂ ಒಂದು ಭಯ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ಭಾರೀ ಪ್ರಮಾಣದ ವಿಟಮಿನ್ ಇ ರಕ್ತಸ್ರಾವದ ದಾರಿ.

ಬಯೋಟಿನ್ ಇದೆ ಎಂದು ಓದಿದಾಗ ನಾನು ನಿಜಕ್ಕೂ ಬೆಚ್ಚಿದೆ. ಕೂದಲು, ಉಗುರಿಗೆ ಒಳ್ಳೆಯದು ಅಂತ ಎಲ್ಲದರಲ್ಲೂ ಬೆರೆಸುತ್ತಾರೆ. ಎದೆನೋವು ಎಂದು ಬಂದವರಿಗೆ ಹಾರ್ಟ್ ಅಟ್ಯಾಕ್ ಹೌದೋ ಅಲ್ಲವೋ ತಿಳಿಯಲು ಟ್ರೋಪೋನಿನ್ ಎಂಬ ರಕ್ತ ಪರೀಕ್ಷೆ ಮಾಡುತ್ತೇವೆ. ರಕ್ತದಲ್ಲಿ ಬಯೋಟಿನ್ ಜಾಸ್ತಿ ಇದ್ದರೆ ಕೆಲವು ಬಗೆಯ ಕಿಟ್‌ಗಳಲ್ಲಿ ಟ್ರೋಪೋನಿನ್ ಇರುವುದಕ್ಕಿಂತ ಕಡಿಮೆ ಬರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2017ರಲ್ಲೇ ಎಚ್ಚರಿಕೆ ಕೊಟ್ಟಿದೆ. ಶುಗರ್ ಇದ್ದವರಿಗೆ ಎಷ್ಟೋ ಸಲ ಎದೆನೋವೇ ಸರಿಯಾಗಿ ತಿಳಿಯುವುದಿಲ್ಲ. ಅದರ ಮೇಲೆ ರಿಪೋರ್ಟೂ ಸುಳ್ಳು ಹೇಳಿದರೆ? ಯಾವ ಆಸ್ಪತ್ರೆಗೆ ಹೋದರೂ ಡಬ್ಬಿಯ ವಿಷಯ ಮುಚ್ಚಿಡಬೇಡಿ.

2025ರ ಜೂನ್-ಜುಲೈನಲ್ಲಿ ನಮ್ಮ ಹಾಸನದ ಹೆಸರು ದಿನಾ ಸುದ್ದಿಯಲ್ಲಿತ್ತು. ಹೃದಯಾಘಾತದ ಸಾವುಗಳ ಸುದ್ದಿ ಸಾಲುಸಾಲಾಗಿ ಬಂದು ಜನ ಗಾಬರಿಯಾದರು. ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಉದ್ದುದ್ದ ಸಾಲು ನಿಂತಿತು. ಸರ್ಕಾರ ತಜ್ಞರ ಸಮಿತಿ ಮಾಡಿತು. ಆ ತಿಂಗಳುಗಳಲ್ಲಿ ನನ್ನ ಮೇಜಿನ ಮೇಲೆ ಕಂಡಷ್ಟು ಬಗೆಬಗೆಯ ಡಬ್ಬಿಗಳನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಭಯ ಬಿದ್ದವರಿಗೆ ಏನಾದರೂ ಮಾಡಬೇಕು ಅನ್ನಿಸುತ್ತದೆ. ಬೀಡಿ ಬಿಡುವುದಕ್ಕಿಂತ ಗುಳಿಗೆ ನುಂಗುವುದು ಸುಲಭ. ಬೈಯಲು ಮನಸ್ಸಾಗುವುದಿಲ್ಲ. ಆದರೆ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ‘ಔಷಧವಾಗಿ ಬಳಸಲು ಅಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಾಲು ಇರಬೇಕು, ಹುಡುಕಿ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವದು. ಶುಗರ್ ಮತ್ತು ಹೃದಯದ ಕಾಯಿಲೆ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೇ ತಡೆಯುತ್ತದೆ. ಅದಕ್ಕೇ ಈ ಮಾತನ್ನು ಕಾಗದದ ಮೇಲೆ ಹಾಕುವುದಿಲ್ಲ, ಬಾಯಲ್ಲಿ ಹೇಳುತ್ತಾರೆ.

ಹಾಗಾದರೆ ಒಲೆಯಿಂದ ಸೌದೆ ಹಿರಿಯುವ ದಾರಿ ಯಾವುದು? ಇವತ್ತು ನಮ್ಮ ಕೈಯಲ್ಲಿ ಒಳ್ಳೆಯ ಮಾತ್ರೆ ಇದೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಹೆಸರು ಕೇಳಿರಬಹುದು. ಇವು ಹೆಚ್ಚಿನ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತವೆ, ಜತೆಗೆ ಉಪ್ಪು-ನೀರನ್ನೂ ಒಂದಿಷ್ಟು. ಹೃದಯಕ್ಕೆ ಇವು ಮಾಡುವ ಉಪಕಾರ ಬರೀ ಸಕ್ಕರೆ ಇಳಿಸುವುದರಿಂದ ಬಂದದ್ದಲ್ಲ. 17,160 ಜನರ ಮೇಲೆ ಡಪಾಗ್ಲಿಫ್ಲೋಜಿನ್ ಪ್ರಯೋಗ ನಡೆಯಿತು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಹೃದಯದ ಕಾಯಿಲೆ ಆಗಿನ್ನೂ ಇರಲಿಲ್ಲ. ಹಾರ್ಟ್ ಫೇಲ್ಯೂರ್ ಎಂದು ಆಸ್ಪತ್ರೆ ಸೇರುವುದು 27% ಇಳಿಯಿತು. ಪೇಟೆಂಟ್ ಮುಗಿದು 2020ರಿಂದ ಡಪಾಗ್ಲಿಫ್ಲೋಜಿನ್, 2025ರ ಮಾರ್ಚ್‌ನಿಂದ ಎಂಪಾಗ್ಲಿಫ್ಲೋಜಿನ್ ಬೆಲೆ ಚೆನ್ನಾಗಿ ಇಳಿದಿದೆ. ಡಬ್ಬಿಗೆ ಸುರಿಯುವ ದುಡ್ಡಿನ ಒಂದು ಸಣ್ಣ ಪಾಲು ಸಾಕು. ಎಲ್ಲರಿಗೂ ಹೊಂದುವುದಿಲ್ಲ. ಕಿಡ್ನಿ ಪರೀಕ್ಷೆ ನೋಡಬೇಕು. ಮೂತ್ರದ ಜಾಗದಲ್ಲಿ ತುರಿಕೆ, ಸೋಂಕು ಬರಬಹುದು. ಜ್ವರ, ವಾಂತಿ, ಉಪವಾಸದ ದಿನ ನಿಲ್ಲಿಸಬೇಕು. ಆಪರೇಷನ್ ಇದ್ದರೆ ಕೆಲವು ದಿನ ಮೊದಲೇ ನಿಲ್ಲಿಸಬೇಕು. ನಿಮ್ಮ ವೈದ್ಯರನ್ನು ಇದರ ಬಗ್ಗೆ ಕೇಳಿ. ಹಾಗೇ ಚೀಟಿಯಲ್ಲಿ ಪಯೋಗ್ಲಿಟಾಜೋನ್ ಎಂಬ ಶುಗರ್ ಮಾತ್ರೆ ಇದೆಯಾ ಅಂತಲೂ ನೋಡಿಸಿ. ಅದು ಮೈಯಲ್ಲಿ ನೀರು ನಿಲ್ಲಿಸುತ್ತದೆ, ಏದುಸಿರು ಇರುವವರಿಗೆ ಒಳ್ಳೆಯದಲ್ಲ.

ಏದುಸಿರಿಗೆ ಹೃದಯ ಒಂದೇ ಕಾರಣ ಎಂದೂ ತೀರ್ಮಾನಿಸಬೇಡಿ. ಹಿಮೋಗ್ಲೋಬಿನ್, ಥೈರಾಯಿಡ್ ನೋಡಿಸಿ. ಬೀಡಿ ಚಟ ಇದ್ದಿದ್ದರೆ ಶ್ವಾಸಕೋಶದ ಪರೀಕ್ಷೆಯೂ ಬೇಕು. ಹೃದಯದ ಮೇಲೆ ಭಾರ ಬೀಳುತ್ತಿದೆಯಾ ಅನ್ನುವುದಕ್ಕೆ ಎನ್‌ಟಿ-ಪ್ರೋಬಿಎನ್‌ಪಿ ಎಂಬ ರಕ್ತ ಪರೀಕ್ಷೆ ಇದೆ. ವಿಟಮಿನ್ ಅಂತ ಒಂದನ್ನು ಪರೀಕ್ಷಿಸಲೇಬೇಕಿದ್ದರೆ ಬಿ12 ಪರೀಕ್ಷಿಸಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದವರಲ್ಲಿ ಅದು ಇಳಿಯುತ್ತದೆ. ಕಡಿಮೆ ಇದ್ದರೆ ಬಿ12 ಮಾತ್ರೆ ಖಂಡಿತ ತಿನ್ನಲಿ. ಕೊರತೆ ಇದ್ದಾಗ ತುಂಬಿಸುವುದು ಬೇರೆ, ತುಂಬಿದ ಕೊಡಕ್ಕೆ ಸುರಿಯುವುದು ಬೇರೆ.

ಆಂಟಿಆಕ್ಸಿಡೆಂಟ್ ಊಟದಲ್ಲಿ ಬರಲಿ, ಅದಕ್ಕೆ ಯಾರ ತಕರಾರೂ ಇಲ್ಲ. ಬಸ್ಸಾರು, ಒಂದೆಲಗದ ತಂಬುಳಿ, ಒಂದೆರಡು ನೆಲ್ಲಿಕಾಯಿ. ನಿಮ್ಮ ತಂದೆ ಎಣಿಸಿ ಬರೆದಿಡುವ ಕಾಫಿ ಮೂಟೆಯಲ್ಲೇ ಕ್ಲೋರೋಜೆನಿಕ್ ಆಸಿಡ್ ಎಂಬ ಆಂಟಿಆಕ್ಸಿಡೆಂಟ್ ಧಾರಾಳವಾಗಿದೆ. ದಿನಕ್ಕೆ ಎರಡು-ಮೂರು ಲೋಟ ಕುಡಿಯಲಿ, ಸಕ್ಕರೆ ಇಲ್ಲದೆ. ಬೆಲ್ಲ ಹಾಕಿದರೆ ನಡೆಯುತ್ತಾ ಅಂತ ಮಲೆನಾಡಿನ ಪ್ರತಿಯೊಬ್ಬರೂ ಕೇಳುತ್ತಾರೆ. ನಡೆಯುವುದಿಲ್ಲ. ಬೆಲ್ಲವೂ ಸಕ್ಕರೆಯೇ.

ಒಂದು ತೂಕದ ಯಂತ್ರ ತಂದುಕೊಡಿ, ಡಬ್ಬಿಗಿಂತ ಅಗ್ಗ. ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಕಾಫಿಗೆ ಮೊದಲು ಹತ್ತಿ ನಿಲ್ಲಲಿ. ರೈಟರ್ ಅಲ್ವಾ, ಪುಸ್ತಕದಲ್ಲಿ ಬರೆದಿಡುವುದು ಅವರಿಗೆ ಹೇಳಿಕೊಡಬೇಕಾಗಿಲ್ಲ. ಎರಡು-ಮೂರು ದಿನದಲ್ಲಿ ಎರಡು ಕೆಜಿ ಏರಿದರೆ, ಪಾದ ಒತ್ತಿದಾಗ ಕುಳಿ ಬಿದ್ದರೆ, ಮಲಗಿದಾಗ ಉಸಿರು ಕಟ್ಟಿ ಎದ್ದು ಕೂರುವಂತಾದರೆ, ಅವತ್ತೇ ಕರೆದುಕೊಂಡು ಬನ್ನಿ. ಬರುವಾಗ ಆ ಪುಸ್ತಕವೂ ಇರಲಿ, ಡಬ್ಬಿಯೂ ಇರಲಿ.